ಅರ್ಥ ಕೆಡದ ಸಂಧಿ: ಆಧುನಿಕ ಸಂಧಿವಿಗ್ರಹಿಯೊಬ್ಬರ ವೃತ್ತಿಪಥ

೧

ಕಲ್ಯಾಣ ಚಾಳುಕ್ಯರ ಶಾಸನಗಳನ್ನು ಓದಿದವರಿಗೆ ‘ಸಂಧಿವಿಗ್ರಹಿ’ ಎಂಬ ಪದ ಅಪರಿಚಿತವಲ್ಲ. ನೆರೆಯ ಅರಸರೊಡನೆ ಯಾವಾಗ ಸ್ನೇಹ, ಯಾವಾಗ ಕದನ ಎಂಬುದನ್ನು ತೂಗಿ ನೋಡಿ ಪ್ರಭುವಿಗೆ ಅರಿಕೆ ಮಾಡುವುದು, ಒಡಂಬಡಿಕೆಯ ಓಲೆಗಳನ್ನು ಸಿದ್ಧಪಡಿಸುವುದು ಈ ಅಧಿಕಾರಿಯ ಹೊಣೆ. ಈ ಹುದ್ದೆಯಲ್ಲಿ ‘ಮಹಾಸಂಧಿವಿಗ್ರಹಿ’ಗಳೂ ಇದ್ದರು, ಒಂದೊಂದು ಸೀಮೆಯ ವ್ಯವಹಾರವನ್ನು ನೋಡಿಕೊಳ್ಳುವ ‘ಕನ್ನಡ ಸಂಧಿವಿಗ್ರಹಿ’, ‘ಲಾಳ ಸಂಧಿವಿಗ್ರಹಿ’ಗಳೂ ಇದ್ದರು. ಹನ್ನೊಂದನೆಯ ಶತಮಾನದಲ್ಲಿ ಪಂಚತಂತ್ರವನ್ನು ಕನ್ನಡಕ್ಕೆ ತಂದ ದುರ್ಗಸಿಂಹನು ಜಗದೇಕಮಲ್ಲ ಜಯಸಿಂಹನ ಸಂಧಿವಿಗ್ರಹಿಯಾಗಿದ್ದನು. ಅವನ ಕೃತಿ ‘ಭೇದ’ದಿಂದ ಮೊದಲಾಗಿ ‘ಮಿತ್ರಕಾರ್ಯ’ದಲ್ಲಿ ಕೊನೆಗೊಳ್ಳುತ್ತದೆ. ಈ ಕ್ರಮ ವಸುಭಾಗನ ಪರಂಪರೆಯದೇ ಆಗಿದ್ದರೂ, ಅದನ್ನು ಕನ್ನಡಿಸಿದವನು ದಿನನಿತ್ಯವೂ ಭೇದ ಮತ್ತು ಮೈತ್ರಿಗಳ ನಡುವೆ ಬದುಕಿದವನೆಂಬುದು ಅರ್ಥಪೂರ್ಣವಾಗಿದೆ.

ಅರಸೊತ್ತಿಗೆಗಳು ಅಳಿದುವು, ಆದರೆ ಸಂಧಿವಿಗ್ರಹಿಯ ಕಾರ್ಯ ಅಳಿಯಲಿಲ್ಲ. ಇಂದು ಹಲವು ದೇಶಗಳಲ್ಲಿ ಹರಡಿಕೊಂಡಿರುವ ದೊಡ್ಡ ಕಂಪನಿಗಳು ತಮ್ಮ ತಮ್ಮೊಳಗೂ ಸರಕಾರಗಳೊಡನೆಯೂ ಸಂಧಿ ವಿಗ್ರಹಗಳನ್ನು ನಡೆಸುತ್ತಲೇ ಇರುತ್ತವೆ. ಅಂಥ ಕಂಪನಿಯೊಂದರ ಕಾನೂನು ವಿಭಾಗದ ಮುಖ್ಯಸ್ಥನು ಹಳೆಯ ಸಂಧಿವಿಗ್ರಹಿಯ ನೇರ ವಾರಸುದಾರ. ಈ ದೃಷ್ಟಿಯಿಂದ ಮೈಕ್ರೋಸಾಫ್ಟ್ ಕಂಪನಿಯ ಬ್ರಾಡ್ ಸ್ಮಿತ್ ಅವರ ವೃತ್ತಿಜೀವನ ಪರಿಶೀಲನಾರ್ಹವಾಗಿದೆ. ನ್ಯಾಯವಾದಿಯೊಬ್ಬನನ್ನು ಸಾಮಾನ್ಯವಾಗಿ ಗೆದ್ದ ಮೊಕದ್ದಮೆಗಳಿಂದ ಅಳೆಯುವುದು ವಾಡಿಕೆ. ಸ್ಮಿತ್ ಅವರ ವಿಷಯದಲ್ಲಿ ಆ ಅಳತೆಗೋಲು ಸಾಲದು. ಎಲ್ಲಿ ಕೂಡಿಕೊಳ್ಳಬಹುದು, ಎಲ್ಲಿ ಕೂಡದು ಎಂಬ ವಿವೇಕವೇ ಅವರ ವೃತ್ತಿಯ ನಿಜವಾದ ಪರೀಕ್ಷೆ. ಆ ಪರೀಕ್ಷೆಯಲ್ಲಿ ಅವರು ಎಲ್ಲ ಸಲವೂ ತೇರ್ಗಡೆಯಾದರೆಂದು ಹೇಳಲಾಗದು.

೨

ಸ್ಮಿತ್ ಅವರು ೧೯೫೯ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕೀ ನಗರದಲ್ಲಿ ಜನಿಸಿ, ಅದೇ ರಾಜ್ಯದ ಆಪಲ್‌ಟನ್ ಎಂಬ ಊರಿನಲ್ಲಿ ಬೆಳೆದರು. ೧೯೮೧ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಪದವಿ, ೧೯೮೪ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಕಾನೂನು ಪದವಿ. ಜೊತೆಗೆ ಜಿನೀವಾದಲ್ಲಿ ಅಂತರರಾಷ್ಟ್ರೀಯ ಕಾನೂನಿನ ಅಧ್ಯಯನ. ೧೯೮೬ರಲ್ಲಿ ವಾಷಿಂಗ್ಟನ್ನಿನ ಪ್ರತಿಷ್ಠಿತ ವಕೀಲ ಸಂಸ್ಥೆಯಾದ ಕವಿಂಗ್ಟನ್ ಅಂಡ್ ಬರ್ಲಿಂಗ್ ಅವರನ್ನು ಕರೆದಾಗ ಅವರು ಒಂದು ಷರತ್ತನ್ನು ಮುಂದಿಟ್ಟರು: ತಮ್ಮ ಮೇಜಿನ ಮೇಲೆ ಒಂದು ಗಣಕಯಂತ್ರ ಇರಬೇಕು. ವಕೀಲರು ಹೇಳಿ ಬರೆಯಿಸಿ ಬೆರಳಚ್ಚುಗಾರರು ಟೈಪು ಮಾಡುತ್ತಿದ್ದ ಕಾಲದಲ್ಲಿ ಇದು ವಿಚಿತ್ರ ಬೇಡಿಕೆಯೇ ಸರಿ. ಯಾವ ವಸ್ತುವಿನ ಪರವಾಗಿ ಮುಂದೆ ವಾದಿಸಬೇಕಾಯಿತೋ ಆ ವಸ್ತುವಿನ ಬಳಕೆಯನ್ನು ಅವರು ಮೊದಲೇ ರೂಢಿಸಿಕೊಂಡಿದ್ದರೆಂಬುದು ಇದರಿಂದ ವಿದಿತವಾಗುತ್ತದೆ.

೧೯೯೩ರಲ್ಲಿ ಅವರು ಮೈಕ್ರೋಸಾಫ್ಟ್ ಸೇರಿದರು. ಮೊದಲ ಮೂರು ವರ್ಷ ಪ್ಯಾರಿಸ್ಸಿನಲ್ಲಿದ್ದು ಯುರೋಪಿನ ಕಾನೂನು ವ್ಯವಹಾರಗಳನ್ನು ನೋಡಿಕೊಂಡರು. ಶಾಸನಗಳ ಭಾಷೆಯಲ್ಲಿ ಹೇಳುವುದಾದರೆ ಆಗ ಅವರು ಒಂದು ಸೀಮೆಯ ಸಂಧಿವಿಗ್ರಹಿ.

ಸಾಫ್ಟ್‌ವೇರ್ ಕಂಪನಿಗೆ ವಕೀಲನ ಅಗತ್ಯ ಇಷ್ಟೊಂದು ಏಕೆ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿ ಏಳುತ್ತದೆ. ಗಿರಣಿಯು ಬಟ್ಟೆಯನ್ನು ಮಾರುತ್ತದೆ. ಕೊಂಡವನು ಅದನ್ನು ಉಡಬಹುದು, ಹರಿಯಬಹುದು, ಬೇರೊಬ್ಬನಿಗೆ ಮಾರಬಹುದು. ಸಾಫ್ಟ್‌ವೇರ್ ಕಂಪನಿಯು ಗ್ರಾಹಕನಿಗೆ ಮಾರುವುದು ವಸ್ತುವನ್ನಲ್ಲ, ಬಳಸುವ ಅನುಮತಿಯನ್ನು. ಆ ಅನುಮತಿಪತ್ರದ ಒಂದೊಂದು ಪದವೂ ಹಣವಾಗುತ್ತದೆ. ೧೯೮೦ರ ದಶಕದ ಆರಂಭದಲ್ಲಿ ಐ.ಬಿ.ಎಂ. ಕಂಪನಿಗೆ ಡಾಸ್ ಒದಗಿಸಿದಾಗ ಅದನ್ನು ಇತರರಿಗೂ ಕೊಡುವ ಹಕ್ಕನ್ನು ಮೈಕ್ರೋಸಾಫ್ಟ್ ತನ್ನಲ್ಲಿಯೇ ಉಳಿಸಿಕೊಂಡಿತು. ಮುಂದಿನ ಅದರ ಅಪಾರ ಸಂಪತ್ತಿಗೆ ಈ ಒಂದು ಕರಾರೇ ತಳಹದಿಯಾಯಿತು. ಹೀಗಾಗಿ ಇಂಥ ಕಂಪನಿಯಲ್ಲಿ ಕಾನೂನು ಎಂಬುದು ಮಾಲನ್ನು ಕಾಯುವ ಬೇಲಿಯಷ್ಟೇ ಅಲ್ಲ. ಮಾಲಿನ ಒಂದು ಭಾಗವೇ ಹೌದು. ಸಂಸ್ಥಾಪಕರಾದ ಬಿಲ್ ಗೇಟ್ಸ್ ಅವರ ತಂದೆ ವಕೀಲರಾಗಿದ್ದರೆಂಬುದನ್ನೂ ಇಲ್ಲಿ ನೆನೆಯಬಹುದು.

೩

ಸ್ಮಿತ್ ಅವರಿಗಿಂತ ಹಿಂದೆ ಕಂಪನಿಯ ಕಾನೂನು ವಿಭಾಗವನ್ನು ಕಟ್ಟಿ ಬೆಳೆಸಿದವರು ಬಿಲ್ ನ್ಯೂಕಾಮ್. ಅವರ ಕಾಲ ವಿಗ್ರಹದ ಕಾಲ. ವಿಂಡೋಸ್ ತನ್ನ ತೆರೆಯ ವಿನ್ಯಾಸದ ನಕಲೆಂದು ಆಪಲ್ ಕಂಪನಿ ೧೯೮೮ರಲ್ಲಿ ಹೂಡಿದ ದಾವೆಯನ್ನು ಅವರು ಕೊನೆಯವರೆಗೂ ಎದುರಿಸಿ ಗೆದ್ದರು. ಗೆದ್ದ ಕತ್ತಿಯನ್ನು ಒರೆಗೆ ಸೇರಿಸುವುದು ಸುಲಭವಲ್ಲ. ೧೯೯೮ರ ಮೇ ತಿಂಗಳಲ್ಲಿ ಅಮೆರಿಕದ ನ್ಯಾಯ ಇಲಾಖೆಯೂ ಹಲವು ರಾಜ್ಯಗಳೂ ಏಕಸ್ವಾಮ್ಯ ವಿರೋಧಿ ಕಾಯಿದೆಯಡಿ ಮೊಕದ್ದಮೆ ಹೂಡಿದಾಗಲೂ ಕಂಪನಿ ಅದೇ ಹುರುಪಿನಿಂದ ಕಾದಿತು. ಗೇಟ್ಸ್ ಅವರ ಹೇಳಿಕೆಯ ಚಿತ್ರಮುದ್ರಣವನ್ನು ನ್ಯಾಯಾಲಯದಲ್ಲಿ ತೋರಿಸಿದಾಗ, ಪ್ರಶ್ನೆಗೆ ಉತ್ತರಿಸುವ ಬದಲು ಸಾಮಾನ್ಯ ಪದಗಳ ಅರ್ಥವನ್ನೇ ಅವರು ಮತ್ತೆ ಮತ್ತೆ ಪ್ರಶ್ನಿಸುತ್ತಿದ್ದುದು ಜಗಜ್ಜಾಹೀರಾಯಿತು. ೨೦೦೦ದ ಜೂನ್ ತಿಂಗಳಲ್ಲಿ ನ್ಯಾಯಾಧೀಶ ಥಾಮಸ್ ಪೆನ್‌ಫೀಲ್ಡ್ ಜಾಕ್ಸನ್ ಅವರು ಕಂಪನಿಯನ್ನು ಎರಡಾಗಿ ಒಡೆಯಬೇಕೆಂದು ಆಜ್ಞಾಪಿಸಿದರು. ಮರುವರ್ಷ ಮೇಲ್ಮನವಿ ನ್ಯಾಯಾಲಯವು ಒಡೆಯುವ ಆಜ್ಞೆಯನ್ನು ರದ್ದುಮಾಡಿತಾದರೂ, ಕಂಪನಿ ತನ್ನ ಏಕಸ್ವಾಮ್ಯವನ್ನು ಅಕ್ರಮವಾಗಿ ಕಾಪಾಡಿಕೊಂಡಿತೆಂಬ ನಿರ್ಣಯವನ್ನು ಎತ್ತಿಹಿಡಿಯಿತು. ತಲೆ ಉಳಿಯಿತು, ಕಳಂಕ ಉಳಿಯಿತು.

ಈ ಸನ್ನಿವೇಶದಲ್ಲಿ ಕಾನೂನು ವಿಭಾಗದ ಮುಖ್ಯಸ್ಥನ ಸ್ಥಾನಕ್ಕೆ ಆಯ್ಕೆ ನಡೆಯಿತು. ಸ್ಮಿತ್ ಅವರು ಹಿರಿಯರ ಮುಂದೆ ತಮ್ಮ ಯೋಜನೆಯನ್ನು ಮಂಡಿಸಲು ದೀರ್ಘ ವರದಿಯನ್ನು ಒಯ್ಯಲಿಲ್ಲ. ಅವರು ತೋರಿಸಿದ ಒಂದೇ ಒಂದು ಪುಟದಲ್ಲಿ ಇದ್ದುದು ಒಂದೇ ಮಾತು: ಶಾಂತಿ ಮಾಡಿಕೊಳ್ಳುವ ಕಾಲ ಬಂದಿದೆ. ೨೦೦೨ರಲ್ಲಿ ಅವರಿಗೆ ಆ ಹುದ್ದೆ ದೊರೆಯಿತು. ನ್ಯಾಯ ಇಲಾಖೆಯೊಡನೆ ೨೦೦೧ರ ನವೆಂಬರಿನಲ್ಲಿ ಆಗಿದ್ದ ರಾಜಿಗೆ ೨೦೦೨ರ ನವೆಂಬರಿನಲ್ಲಿ ನ್ಯಾಯಾಲಯದ ಒಪ್ಪಿಗೆ ಸಿಕ್ಕಿತು. ಅನಂತರ ಒಂದರ ಹಿಂದೊಂದು ಸಂಧಿಗಳು: ೨೦೦೩ರಲ್ಲಿ ಎ.ಒ.ಎಲ್. ಟೈಮ್ ವಾರ್ನರ್‌ಗೆ ೭೫ ಕೋಟಿ ಡಾಲರ್. ೨೦೦೪ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ಗೆ ಸುಮಾರು ೧೯೫ ಕೋಟಿ, ನೋವೆಲ್‌ಗೆ ೫೩.೬ ಕೋಟಿ, ೨೦೦೫ರಲ್ಲಿ ಐ.ಬಿ.ಎಂ.ಗೆ ೭೭.೫ ಕೋಟಿ, ರಿಯಲ್‌ನೆಟ್‌ವರ್ಕ್ಸ್‌ಗೆ ೭೬.೧ ಕೋಟಿ.

ಕನ್ನಡ ವ್ಯಾಕರಣವನ್ನು ಕಲಿತವರಿಗೆ ಈ ಪಟ್ಟಿ ಬೇರೊಂದು ರೀತಿಯಲ್ಲಿ ಅರ್ಥವಾದೀತು. ಎರಡು ಪದಗಳು ಕೂಡುವಾಗ ಯಾವುದೂ ಇದ್ದಂತೆಯೇ ಉಳಿಯುವುದಿಲ್ಲ. ‘ಊರು’ ಮತ್ತು ‘ಅಲ್ಲಿ’ ಸೇರುವಾಗ ಒಂದು ಉಕಾರ ಲೋಪವಾಗುತ್ತದೆ. ‘ಮನೆ’ ಮತ್ತು ‘ಅನ್ನು’ ಸೇರುವಾಗ ಯಕಾರ ಆಗಮವಾಗುತ್ತದೆ. ‘ಮಳೆ’ ಮತ್ತು ‘ಕಾಲ’ ಸೇರುವಾಗ ಕಕಾರಕ್ಕೆ ಗಕಾರ ಆದೇಶವಾಗುತ್ತದೆ. ಸ್ಮಿತ್ ಅವರ ಸಂಧಿಗಳಲ್ಲಿಯೂ ಈ ಮೂರನ್ನು ಕಾಣಬಹುದು. ಕೋಟಿಗಟ್ಟಲೆ ಹಣ ಲೋಪವಾಯಿತು. ನ್ಯಾಯಾಲಯದ ಆಜ್ಞೆಯಂತೆ ಕಂಪನಿಯ ನಡೆಯನ್ನು ಪರೀಕ್ಷಿಸುವ ತಜ್ಞರ ಸಮಿತಿಯೊಂದು ಆಗಮವಾಯಿತು. ಆ ನ್ಯಾಯಾಲಯದ ಮೇಲ್ವಿಚಾರಣೆ ೨೦೧೧ರವರೆಗೂ ನಡೆಯಿತು. ವೈರಿಯಿದ್ದ ಸ್ಥಾನಕ್ಕೆ ಪಾಲುದಾರನು ಆದೇಶವಾಗಿ ಬಂದನು. ದಶಕದುದ್ದಕ್ಕೂ ಒಬ್ಬರನ್ನೊಬ್ಬರು ಹಳಿದುಕೊಂಡಿದ್ದ ಸನ್ ಮತ್ತು ಮೈಕ್ರೋಸಾಫ್ಟ್ ಮುಖ್ಯಸ್ಥರು ಒಂದೇ ವೇದಿಕೆಯ ಮೇಲೆ ನಿಂತರು. ಆದರೆ ವ್ಯಾಕರಣ ಇನ್ನೂ ಒಂದು ಎಚ್ಚರಿಕೆಯನ್ನು ಹೇಳುತ್ತದೆ. ಅರ್ಥ ಕೆಡದಿದ್ದರೆ ಮಾತ್ರ ಲೋಪ. ‘ಮನೆ’ಯ ಎಕಾರವನ್ನು ಕಳೆದರೆ ಮನೆಯೇ ಇಲ್ಲವಾಗುತ್ತದೆ. ಶಾಂತಿಯನ್ನು ಬಯಸುವ ವಕೀಲನ ಮುಂದಿರುವ ಕಠಿಣ ಪ್ರಶ್ನೆಯೂ ಇದೇ: ಏನನ್ನು ಬಿಟ್ಟರೆ ಅರ್ಥ ಉಳಿಯುತ್ತದೆ, ಏನನ್ನು ಬಿಟ್ಟರೆ ಕೆಡುತ್ತದೆ?

ಸಂಧಿ ಮಾಡಿಕೊಂಡರಷ್ಟೇ ಸಾಲದು, ಅದನ್ನು ನಡೆಸಿಕೊಡಬೇಕು. ಯುರೋಪಿನಲ್ಲಿ ಕಂಪನಿಗೆ ಈ ಪಾಠ ಕಹಿಯಾಗಿಯೇ ದೊರೆಯಿತು. ೨೦೦೪ರಲ್ಲಿ ಯುರೋಪಿಯನ್ ಆಯೋಗವು ೪೯.೭ ಕೋಟಿ ಯೂರೋ ದಂಡ ವಿಧಿಸಿತು. ಆದೇಶವನ್ನು ಸರಿಯಾಗಿ ಪಾಲಿಸಲಿಲ್ಲವೆಂದು ೨೦೦೮ರಲ್ಲಿ ಮತ್ತೆ ೮೯.೯ ಕೋಟಿ ವಿಧಿಸಿತು. ೨೦೦೯ರ ಕೊನೆಯಲ್ಲಿ, ವಿಂಡೋಸ್ ಬಳಕೆದಾರರಿಗೆ ಬೇರೆ ಬೇರೆ ಬ್ರೌಸರುಗಳನ್ನು ಆಯ್ದುಕೊಳ್ಳುವ ಅವಕಾಶದ ತೆರೆಯೊಂದನ್ನು ಐದು ವರ್ಷ ತೋರಿಸುವುದಾಗಿ ಕಂಪನಿ ವಚನವಿತ್ತಿತು. ಆದರೆ ೨೦೧೧ರ ಮೇ ತಿಂಗಳಿನಿಂದ ೨೦೧೨ರ ಜುಲೈವರೆಗೆ ಸುಮಾರು ಒಂದೂವರೆ ಕೋಟಿ ಬಳಕೆದಾರರಿಗೆ ಆ ತೆರೆ ಕಾಣಿಸಲೇ ಇಲ್ಲ. ವಿಂಡೋಸಿನ ಹೊಸ ಪರಿಷ್ಕರಣದಲ್ಲಿ ಅದು ಬಿಟ್ಟುಹೋಗಿತ್ತು. ತಾಂತ್ರಿಕ ಲೋಪವೆಂದು ಕಂಪನಿ ವಿವರಿಸಿತು; ೨೦೧೩ರ ಮಾರ್ಚಿನಲ್ಲಿ ಆಯೋಗ ೫೬.೧ ಕೋಟಿ ಯೂರೋ ದಂಡ ಹಾಕಿತು. ವಕೀಲನು ಕೊಟ್ಟ ಭಾಷೆಯನ್ನು ಎಲ್ಲಿಯೋ ಕುಳಿತು ಸಂಕೇತಗಳನ್ನು ಬರೆಯುವ ಎಂಜಿನಿಯರನು ಉಳಿಸಬೇಕು. ಕಾಗದದ ಮೇಲಿನ ಮಾತು ಯಂತ್ರದೊಳಗಿನ ಮಾತಾಗದಿದ್ದರೆ ಸಂಧಿಗೆ ಬೆಲೆಯಿಲ್ಲ. ತಂತ್ರಜ್ಞಾನದ ಕಂಪನಿಯ ವಕೀಲನ ಕಾರ್ಯ ಉಳಿದ ವಕೀಲರ ಕಾರ್ಯಕ್ಕಿಂತ ಭಿನ್ನವಾಗುವುದು ಇಲ್ಲಿಯೇ.

೪

ಸಂಧಿಯಾಗದೆ ಪದಗಳು ಬೇರೆಯಾಗಿಯೇ ನಿಲ್ಲುವುದನ್ನು ವೈಯಾಕರಣರು ಪ್ರಕೃತಿಭಾವವೆಂದು ಕರೆದರು. ಸ್ಮಿತ್ ಅವರ ವೃತ್ತಿಯಲ್ಲಿಯೂ ಅಂಥ ಒಂದು ಪ್ರಸಂಗವಿದೆ. ೨೦೧೩ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದು, ಮಾದಕದ್ರವ್ಯದ ತನಿಖೆಗಾಗಿ ಒಬ್ಬ ಗ್ರಾಹಕನ ಇ-ಮೇಲುಗಳನ್ನು ಒಪ್ಪಿಸುವಂತೆ ಮೈಕ್ರೋಸಾಫ್ಟ್‌ಗೆ ವಾರಂಟು ಹೊರಡಿಸಿತು. ಆ ಪತ್ರಗಳು ಐರ್ಲೆಂಡಿನ ಡಬ್ಲಿನ್ನಿನಲ್ಲಿದ್ದ ಯಂತ್ರಗಳಲ್ಲಿ ಸಂಗ್ರಹವಾಗಿದ್ದುವು. ಎಡ್ವರ್ಡ್ ಸ್ನೋಡೆನ್ ಅವರು ಅದೇ ವರ್ಷ ಬಯಲು ಮಾಡಿದ ಗೂಢಚರ್ಯೆಯ ಸುದ್ದಿಯಿಂದ ಜಗತ್ತಿನ ಗ್ರಾಹಕರು ಸಂಶಯಗ್ರಸ್ತರಾಗಿದ್ದ ಹೊತ್ತು. ಪರದೇಶದಲ್ಲಿರುವ ಪತ್ರವನ್ನು ಸ್ವದೇಶದ ವಾರಂಟಿನಿಂದ ತರಿಸಲಾಗದೆಂದು ಕಂಪನಿ ವಾದಿಸಿತು. ಕೆಳಗಿನ ನ್ಯಾಯಾಲಯದಲ್ಲಿ ಎರಡು ಸಲ ಸೋಲಾಯಿತು. ಮೇಲ್ಮನವಿಗೆ ದಾರಿಯಾಗಲೆಂದು ಕಂಪನಿ ತಾನಾಗಿಯೇ ನ್ಯಾಯಾಲಯ ನಿಂದನೆಯ ತೀರ್ಪಿಗೆ ಒಪ್ಪಿಕೊಂಡಿತು. ಆಜ್ಞೆಯನ್ನು ಗುಟ್ಟಾಗಿ ತಪ್ಪಿಸಿಕೊಳ್ಳುವುದಕ್ಕೂ, ಎದುರು ನಿಂತು ಅದರ ಫಲವನ್ನು ಹೊತ್ತು ಪ್ರಶ್ನಿಸುವುದಕ್ಕೂ ಇರುವ ಅಂತರ ಇಲ್ಲಿ ಗಮನಾರ್ಹ. ೨೦೧೬ರ ಜುಲೈಯಲ್ಲಿ ಮೇಲ್ಮನವಿ ನ್ಯಾಯಾಲಯ ಕಂಪನಿಯ ಪರವಾಗಿ ತೀರ್ಪಿತ್ತಿತು. ೨೦೧೮ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ವಾದ ನಡೆಯಿತು. ತೀರ್ಪು ಬರುವ ಮೊದಲೇ, ಮಾರ್ಚಿನಲ್ಲಿ, ‘ಕ್ಲೌಡ್ ಆಕ್ಟ್’ ಎಂಬ ಹೊಸ ಕಾಯಿದೆ ಜಾರಿಗೆ ಬಂದು ಮೊಕದ್ದಮೆ ನಿರರ್ಥಕವಾಯಿತು. ದತ್ತಾಂಶ ಎಲ್ಲಿಯೇ ಇರಲಿ, ಕಂಪನಿ ಅದನ್ನು ಒಪ್ಪಿಸಬೇಕೆಂದು ಆ ಕಾಯಿದೆ ಹೇಳಿತು. ಜೊತೆಗೆ ಬೇರೆ ದೇಶದ ಕಾನೂನಿಗೆ ವಿರುದ್ಧವಾದಾಗ ಪ್ರಶ್ನಿಸುವ ದಾರಿಯನ್ನೂ ಇಟ್ಟಿತು. ಸ್ಮಿತ್ ಅವರು ಈ ಕಾಯಿದೆಯನ್ನು ಸ್ವಾಗತಿಸಿದರು. ನಾಲ್ಕು ವರ್ಷ ವಿಗ್ರಹವಾಗಿ ನಡೆದದ್ದು ಕೊನೆಗೆ ಶಾಸನಸಭೆಯಲ್ಲಿ ಸಂಧಿಯಾಯಿತು. ಅರ್ಥ ಪೂರ್ತಿಯಾಗಿ ಉಳಿಯಿತೇ ಎಂಬುದರಲ್ಲಿ ಖಾಸಗಿತನದ ಪ್ರತಿಪಾದಕರಿಗೆ ಭಿನ್ನಾಭಿಪ್ರಾಯವಿತ್ತು.

ಸಂಧಿಯನ್ನು ಬೋಧಿಸಿದವರೇ ವಿಗ್ರಹಕ್ಕೆ ಕೈಹಾಕಿದ ಉದಾಹರಣೆಯೂ ಉಂಟು. ಲಿನಕ್ಸ್ ಮೊದಲಾದ ಮುಕ್ತ ತಂತ್ರಾಂಶಗಳು ಮೈಕ್ರೋಸಾಫ್ಟ್‌ನ ೨೩೫ ಪೇಟೆಂಟುಗಳನ್ನು ಉಲ್ಲಂಘಿಸಿವೆಯೆಂದು ೨೦೦೭ರಲ್ಲಿ ಕಂಪನಿ ಬಹಿರಂಗವಾಗಿ ಆಪಾದಿಸಿತು. ಆ ಮಾತನ್ನು ಹೊರಗೆಡಹಿದವರಲ್ಲಿ ಸ್ಮಿತ್ ಒಬ್ಬರು. ಹಂಚಿಕೊಂಡು ಬರೆಯುವವರ ಸಮುದಾಯಕ್ಕೆ ಅದು ಬೆದರಿಕೆಯಂತೆ ಕೇಳಿಸಿತು. ಕಾಲ ಬದಲಾಯಿತು. ೨೦೧೮ರಲ್ಲಿ ಕಂಪನಿಯು, ಲಿನಕ್ಸಿನ ರಕ್ಷಣೆಗಾಗಿಯೇ ಇದ್ದ ಒಕ್ಕೂಟವೊಂದನ್ನು ಸುಮಾರು ೬೦,೦೦೦ ಪೇಟೆಂಟುಗಳೊಡನೆ ಸೇರಿತು. ಮುಕ್ತ ತಂತ್ರಾಂಶದ ವಿಷಯದಲ್ಲಿ ಕಂಪನಿ ಇತಿಹಾಸದ ತಪ್ಪು ಪಕ್ಕದಲ್ಲಿತ್ತೆಂದು ೨೦೨೦ರಲ್ಲಿ ಸ್ಮಿತ್ ಅವರೇ ಒಪ್ಪಿಕೊಂಡರು. ತನ್ನ ಹಳೆಯ ವಾದವನ್ನು ತಾನೇ ಹಿಂತೆಗೆದುಕೊಳ್ಳುವುದು ವಕೀಲರಲ್ಲಿ ವಿರಳ. ವ್ಯಾಪಾರದ ಲಾಭವೂ ಆ ಹೊತ್ತಿಗೆ ಮುಕ್ತ ತಂತ್ರಾಂಶದ ಕಡೆಗೇ ತಿರುಗಿತ್ತೆಂಬುದನ್ನು ಮರೆಯದೆ ಈ ಪ್ರಾಮಾಣಿಕತೆಯನ್ನು ಮೆಚ್ಚಬೇಕು.

೫

ಇಲ್ಲಿ ಒಂದು ಮೂಲಭೂತ ಪ್ರಶ್ನೆ ಎದುರಾಗುತ್ತದೆ. ಸಂಬಳ ಪಡೆಯುವ ವಕೀಲನು ಎಷ್ಟರ ಮಟ್ಟಿಗೆ ಸ್ವತಂತ್ರ? ಹಳಗನ್ನಡದ ಓದುಗರಿಗೆ ‘ಜೋಳವಾಳಿ’ಯ ಕಲ್ಪನೆ ಗೊತ್ತಿದೆ. ಉಂಡ ಜೋಳದ ಋಣಕ್ಕಾಗಿ ಒಡೆಯನ ಪರವಾಗಿ ನಿಲ್ಲುವ ನಿಷ್ಠೆ ಅದು. ಪಂಪನ ಕರ್ಣನ ಹಿರಿಮೆಯೂ ದುರಂತವೂ ಈ ನಿಷ್ಠೆಯಲ್ಲಿಯೇ ಅಡಗಿವೆ. ಕಂಪನಿಯ ವಕೀಲನಿಗೂ ಈ ಇಕ್ಕಟ್ಟು ತಪ್ಪಿದ್ದಲ್ಲ. ಕಾನೂನು ಇದನ್ನು ಬಲ್ಲದು. ಯುರೋಪಿನ ಅತ್ಯುನ್ನತ ನ್ಯಾಯಾಲಯವು ೨೦೧೦ರಲ್ಲಿ ಆಕ್ಜೋ ನೋಬೆಲ್ ಪ್ರಕರಣದಲ್ಲಿ, ಸ್ಪರ್ಧಾನೀತಿಯ ತನಿಖೆಗಳ ಮಟ್ಟಿಗೆ ಕಂಪನಿಯು ತನ್ನ ಸಂಬಳದ ವಕೀಲನೊಡನೆ ನಡೆಸಿದ ಪತ್ರವ್ಯವಹಾರಕ್ಕೆ ಗೋಪ್ಯತೆಯ ರಕ್ಷಣೆಯಿಲ್ಲವೆಂದು ನಿರ್ಣಯಿಸಿತು. ಅವನು ಹೊರಗಿನ ವಕೀಲನಷ್ಟು ಸ್ವತಂತ್ರನಲ್ಲವೆಂಬುದೇ ಕಾರಣ. ಭಾರತದಲ್ಲಿಯೂ ವಕೀಲರ ಪರಿಷತ್ತಿನ ನಲವತ್ತೊಂಬತ್ತನೆಯ ನಿಯಮದಂತೆ ಪೂರ್ಣಾವಧಿಯ ಸಂಬಳದ ನೌಕರಿಯಲ್ಲಿರುವವನು ಆ ಅವಧಿಯಲ್ಲಿ ನ್ಯಾಯವಾದಿಯಾಗಿ ವೃತ್ತಿ ನಡೆಸುವಂತಿಲ್ಲ.

ಹೊರನಾಡ ಕನ್ನಡಿಗರಿಗೆ ಈ ನಿಯಮ ದೂರದ ಸಂಗತಿಯಲ್ಲ. ಮುಂಬಯಿಯಲ್ಲಿ ಹಗಲು ಹೋಟೆಲುಗಳಲ್ಲಿ ದುಡಿದು, ಕನ್ನಡದ ರಾತ್ರಿಶಾಲೆಗಳಲ್ಲಿ ಓದಿ, ಕೊನೆಗೆ ಕರಿಕೋಟು ತೊಟ್ಟವರ ಪರಂಪರೆಯೊಂದಿದೆ. ಆ ಹಿರಿಯರಿಗೆ ವಕೀಲಿಯೆಂದರೆ ಯಾರ ಹಂಗೂ ಇಲ್ಲದ ಬದುಕು. ಅಂಥ ಮನೆಗಳ ಮುಂದಿನ ತಲೆಮಾರಿಗೆ ಇಂದು ಪುಣೆ, ಹೈದರಾಬಾದು, ಮುಂಬಯಿಗಳ ಕಂಪನಿಗಳ ಕಾನೂನು ವಿಭಾಗಗಳೂ ತೆರೆದಿವೆ. ಅಲ್ಲಿ ಕರಿಕೋಟಿಲ್ಲ, ಕಟಕಟೆಯಿಲ್ಲ. ಇರುವುದು ಕರಾರುಪತ್ರಗಳ ಓದು, ‘ಬೇಡ’ವೆಂದು ಹೇಳಬೇಕಾದ ಗಳಿಗೆ. ಮೈಕ್ರೋಸಾಫ್ಟ್ ೧೯೯೮ರಲ್ಲಿಯೇ ಹೈದರಾಬಾದಿನಲ್ಲಿ ತನ್ನ ಅಭಿವೃದ್ಧಿ ಕೇಂದ್ರವನ್ನು ತೆರೆದಿತ್ತು. ೨೦೧೪ರಲ್ಲಿ ಅದರ ಮುಖ್ಯಾಧಿಕಾರಿಯಾದ ಸತ್ಯ ನಾದೆಲ್ಲ ಅವರು ಓದಿದ್ದು ನಮ್ಮ ಮಣಿಪಾಲದಲ್ಲಿ. ೨೦೧೫ರಲ್ಲಿ ಸ್ಮಿತ್ ಅವರು ಕಂಪನಿಯ ಅಧ್ಯಕ್ಷರಾದುದು ಅವರ ಆಡಳಿತದಲ್ಲಿಯೇ.

ಜೋಳವಾಳಿಗೆ ಸ್ಮಿತ್ ಅವರು ಕೊಟ್ಟ ಉತ್ತರವನ್ನು ಎರಡು ಸಂದರ್ಭಗಳಲ್ಲಿ ಕಾಣಬಹುದು. ಬಾಲ್ಯದಲ್ಲಿಯೇ ಅಮೆರಿಕಕ್ಕೆ ಬಂದು, ದಾಖಲೆಗಳಿಲ್ಲದೆ ಬೆಳೆದ ಯುವಕರಿಗಿದ್ದ ರಕ್ಷಣೆಯನ್ನು ಸರಕಾರ ಹಿಂತೆಗೆದುಕೊಂಡಾಗ, ೨೦೧೭ರಲ್ಲಿ ಮೈಕ್ರೋಸಾಫ್ಟ್ ತನ್ನ ಅಂಥ ನೌಕರರಿಗಾಗಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದೊಡನೆ ಸೇರಿ ಸರಕಾರದ ವಿರುದ್ಧವೇ ದಾವೆ ಹೂಡಿತು. ಆ ಹಿಂತೆಗೆತವನ್ನು ೨೦೨೦ರಲ್ಲಿ ಸರ್ವೋಚ್ಚ ನ್ಯಾಯಾಲಯ ತಳ್ಳಿಹಾಕಿತು. ಇಲ್ಲಿ ಒಡೆಯನ ಬಲ ದುರ್ಬಲರ ಕಡೆಗೆ ತಿರುಗಿತು. ಎರಡನೆಯದು ಇನ್ನೂ ಕಷ್ಟದ್ದು. ೨೦೨೩ರಲ್ಲಿ ಚೀನದಿಂದ ನಡೆದ ಅತಿಕ್ರಮಣದಲ್ಲಿ ಅಮೆರಿಕದ ಅಧಿಕಾರಿಗಳ ಇ-ಮೇಲುಗಳು ಕಳುವಾದುವು. ೨೦೨೪ರ ಏಪ್ರಿಲಿನಲ್ಲಿ ಸರಕಾರದ ಪರಿಶೀಲನ ಮಂಡಲಿಯು ಕಂಪನಿಯ ಭದ್ರತೆಯ ಕೊರತೆಗಳನ್ನು ತೀವ್ರವಾಗಿ ಟೀಕಿಸಿತು. ಜೂನ್ ತಿಂಗಳಲ್ಲಿ ಸಂಸತ್ತಿನ ಸಮಿತಿಯ ಮುಂದೆ ನಿಂತ ಸ್ಮಿತ್ ಅವರು, ವರದಿಯಲ್ಲಿ ಹೇಳಿದ ಪ್ರತಿಯೊಂದು ಲೋಪದ ಹೊಣೆಯನ್ನೂ ಕಂಪನಿ ಒಪ್ಪುತ್ತದೆಯೆಂದು ಸ್ಪಷ್ಟವಾಗಿ ನುಡಿದರು. ೧೯೯೮ರಲ್ಲಿ ಪದಗಳ ಅರ್ಥವನ್ನೇ ಪ್ರಶ್ನಿಸುತ್ತಿದ್ದ ಕಂಪನಿ ಇಷ್ಟು ದೂರ ನಡೆದು ಬಂದಿತ್ತು. ಆದರೆ ಹೊಣೆಯನ್ನು ಒಪ್ಪಿಕೊಳ್ಳುವುದರಿಂದ ಕಳುವಾದ ಪತ್ರಗಳು ಮರಳಿ ಬರುವುದಿಲ್ಲ.

೬

ಈಗ ಎದ್ದಿರುವ ಹೊಸ ವಿವಾದವು ಭಾಷೆಯನ್ನು ನಂಬಿದವರೆಲ್ಲರಿಗೂ ಸಂಬಂಧಿಸಿದ್ದು. ಮನುಷ್ಯರು ಬರೆದುದನ್ನೆಲ್ಲ ಓದಿ ತಾನೂ ಬರೆಯುವ ಯಂತ್ರಗಳು ಬಂದಿವೆ. ಆ ಬರಹಗಳನ್ನು ಅನುಮತಿಯಿಲ್ಲದೆ ಬಳಸಲಾಯಿತೆಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ೨೦೨೩ರ ಡಿಸೆಂಬರಿನಲ್ಲಿ ಓಪನ್‌ಎಐ ಮತ್ತು ಮೈಕ್ರೋಸಾಫ್ಟ್ ಕಂಪನಿಗಳ ಮೇಲೆ ಮೊಕದ್ದಮೆ ಹೂಡಿತು. ಕೆಲವೇ ತಿಂಗಳ ಹಿಂದೆ, ಇಂಥ ಯಂತ್ರವನ್ನು ಬಳಸಿದ ವಾಣಿಜ್ಯ ಗ್ರಾಹಕರ ಮೇಲೆ ಗ್ರಂಥಸ್ವಾಮ್ಯದ ದಾವೆ ಬಂದರೆ, ನಿಗದಿಪಡಿಸಿದ ಎಚ್ಚರಿಕೆಗಳನ್ನು ಅವರು ಪಾಲಿಸಿದ್ದಲ್ಲಿ, ಅವರ ಪರವಾಗಿ ತಾನೇ ನಿಲ್ಲುವುದಾಗಿ ಮೈಕ್ರೋಸಾಫ್ಟ್ ವಚನವಿತ್ತಿತ್ತು. ಗ್ರಾಹಕನಿಗೆ ಅಭಯ ದೊರೆಯಿತು; ಬರೆದವನಿಗೆ? ಅನುಮತಿಯನ್ನು ಮಾರಿ ಬೆಳೆದ ಕಂಪನಿಯು ಇತರರ ಅನುಮತಿಯ ಪ್ರಶ್ನೆಗೆ ಉತ್ತರಿಸಬೇಕಾಗಿ ಬಂದಿದೆಯೆಂಬುದು ವಿಪರ್ಯಾಸ. ಬರಹಗಾರನಿಗೂ ಯಂತ್ರಕ್ಕೂ ಆಗಬೇಕಾದ ಸಂಧಿಯಲ್ಲಿ ಯಾರದು ಲೋಪವಾಗಬೇಕು, ಯಾವುದು ಆಗಮವಾಗಬೇಕು ಎಂಬುದನ್ನು ಹಣದ ಮೊತ್ತವೊಂದೇ ನಿರ್ಧರಿಸಲಾರದು. ದೊಡ್ಡ ಪತ್ರಿಕೆಗೆ ವಕೀಲರಿದ್ದಾರೆ. ಕಡಿಮೆ ಪುಸ್ತಕಗಳ, ಕಡಿಮೆ ಓದುಗರ ಭಾಷೆಗಳಿಗೆ ತಮ್ಮ ಸಂಧಿವಿಗ್ರಹಿಗಳು ಬೇಕಾಗಿದ್ದಾರೆ.

ಕಂಪನಿಯ ವಕೀಲಿಯನ್ನು ಕುಶಲರ ಸೇವಾವೃತ್ತಿಯೆಂದು ಹಗುರವಾಗಿ ಕಾಣುವವರುಂಟು. ಯಶಸ್ಸಿನ ಶಿಖರವೆಂದು ಹೊಗಳುವವರೂ ಉಂಟು. ಸ್ಮಿತ್ ಅವರ ಮೂರು ದಶಕಗಳಿಗೂ ಮೀರಿದ ಸೇವೆಯನ್ನು ನೋಡಿದರೆ ಎರಡೂ ಅರೆಸತ್ಯಗಳೆಂದು ತೋರುತ್ತದೆ. ಕದನವನ್ನು ನಿಲ್ಲಿಸಿದ್ದಕ್ಕಿಂತಲೂ, ನಿಲ್ಲಿಸಿದ ಮೇಲೆ ಕೊಟ್ಟ ಮಾತನ್ನು ವರ್ಷಗಳ ಕಾಲ ನಡೆಸಬೇಕಾದುದು ಹಿರಿದು. ಅಲ್ಲಿ ಎಡವಿದಾಗ ತೆತ್ತ ದಂಡವೂ ಅವರ ವೃತ್ತಿಕಥನದ ಅವಿಭಾಜ್ಯ ಭಾಗವೇ. ವ್ಯಾಕರಣದ ಸಂಧಿಯಲ್ಲಿ ಅಕ್ಷರ ಹೋದರೂ ಪದ ಬದುಕುತ್ತದೆ. ಕಾನೂನಿನ ಸಂಧಿಯಲ್ಲಿ ಹಣ ಹೋಗಲಿ, ಹಟ ಹೋಗಲಿ. ಯಾರ ಹೆಸರಿನಲ್ಲಿ ಒಪ್ಪಂದವಾಯಿತೋ ಆ ಸಾಮಾನ್ಯ ಬಳಕೆದಾರನ ಹಕ್ಕು ಹೋಗಬಾರದು. ಅದು ಉಳಿಯಿತೇ ಎಂಬುದನ್ನು ನೋಡಿಯೇ ಮುಂದಿನವರು ಈ ವೃತ್ತಿಯ ಬೆಲೆಯನ್ನು ಕಟ್ಟಬೇಕು.